ಸ್ವಿಚ್ಚಿನ ಮೇಲಿನ ಕುಂಕುಮ

ಆಯುಧಪೂಜೆಯ ದಿನ ಲ್ಯಾಬಿನವರೆಲ್ಲ ಸೇರಿ ಯಂತ್ರ ನಿಲ್ಲಿಸಿ, ಸ್ವಿಚ್ಚಿಗೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದ್ದರು. ರಜೆ ಮುಗಿದ ಮೇಲೆ ಹಾರ ತೆಗೆದರು. ಸ್ವಿಚ್ಚು ಮಾತ್ರ ಒಬ್ಬರು ಹಾಕುತ್ತಾರೆಂದು ಇನ್ನೊಬ್ಬರು ಸುಮ್ಮನಾದರು.

ತಾಮ್ರದ ಸುರುಳಿಗಳ ನಡುವೆ ಇಟ್ಟ ಇಲಿಗಳಿಗೆ ತೀರಾ ದುರ್ಬಲವಾದ ಕಾಂತಕ್ಷೇತ್ರ ತಾಗಿಸುವ ಯಂತ್ರ ಅದು. ಚುಚ್ಚುಮದ್ದು ಕೊಟ್ಟು ಆ ಇಲಿಗಳಿಗೆ ಕೀಲುವಾತ ಬರಿಸಿದ್ದರು; ಅವುಗಳ ಮೈ ತನ್ನ ಕೀಲುಗಳನ್ನೇ ಶತ್ರುವೆಂದು ತಿನ್ನುತ್ತಿತ್ತು. ದಸರೆ ಕಳೆದು ಕಾಲಿನ ಊತ ಇಳಿದಾಗ, ಕಾಂತಕ್ಷೇತ್ರವೇ ಗುಣಪಡಿಸಿತೆಂದು ಎಲ್ಲರೂ ಹಿಗ್ಗಿದ್ದೇ ಹಿಗ್ಗು. ಇವತ್ತು ಧೂಳು ಒರೆಸಲು ಹೋದ ಸಂಶೋಧಕಿ ರಕ್ಷಿತಾ ಸ್ವಿಚ್ಚು ನೋಡಿದಳು. ಕುಂಕುಮ ಇಟ್ಟ ಹಾಗೇ ಇತ್ತು. ಯಾರ ಬೆರಳೂ ತಾಗಿರಲಿಲ್ಲ.

ಸಂಜೆ ಕುಂಬಾರಕೊಪ್ಪಲಿನ ಮನೆಯಲ್ಲಿ, ಅದೇ ಕಾಯಿಲೆಯಿಂದ ಸೊಟ್ಟಗಾದ ಬೆರಳುಗಳಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಮ್ಮ ದಿನದಂತೆ ಕೇಳಿದರು: "ನಿನ್ನಿಲಿಗಳು ಎಂಗವೆ ಕಣಮ್ಮ?"

"ಓಡಾಡ್ತಾವೆ. ಆದ್ರೆ ಮಿಷೀನು ಆಫ್ ಆಗಿತ್ತಮ್ಮ. ಯಾಕೆ ವಾಸಿಯಾಯ್ತೋ ಗೊತ್ತಿಲ್ಲ. ಎಲ್ಲಾ ಮೊದಲಿಂದ ಮಾಡ್ಬೇಕು."

"ವಾಸಿಯಾಗ್ಬುಟ್ಟವಲ್ಲ, ಇನ್ನೇನು ಮಾಡದು?"

ಚಪ್ಪಲಿ ಬಿಚ್ಚಲೂ ಬೇಸರವಾಗಿ ರಕ್ಷಿತಾ ಬಾಗಿಲಲ್ಲೇ ಕುಸಿದು ಕೂತಳು.

"ಚೆನ್ನಾಗಿರೋ ಇಲಿಗಳನ್ನ ತಂದು, ಅವಕ್ಕೂ ನಿನ್ನ ಕಾಯಿಲೆ ಬರಿಸ್ಬೇಕು."