ಎರಡು ಮಾರು ನೀರು

ನಾನೊಂದು ಸೀಸದ ಗುಂಡು. ಗುಂಡು ಎಂದೊಡನೆ ಕೋವಿ ನೆನೆದು ಹೆದರಬೇಡಿ, ನಾನು ಯಾರ ಎದೆಗೂ ಹಾರಿದವನಲ್ಲ. ನೀರಿನ ಆಳ ನೋಡುವುದು ನನ್ನ ಕಸುಬು. ಬಸರೂರಿನ ಕಂಚುಗಾರನೊಬ್ಬ ಹರಿದ ಬಲೆಗಳ ಹಳೆಯ ಸೀಸವನ್ನೆಲ್ಲ ಕರಗಿಸಿ, ಮರಳಿನ ಅಚ್ಚಿಗೆ ಹೊಯ್ದು ನನ್ನನ್ನು ಮಾಡಿದ. ಉದ್ದ ಒಂದು ಗೇಣು, ತೂಕ ನಾಲ್ಕು ಸೇರು, ರೂಪ ಹೇಳಿಕೊಳ್ಳುವಂಥದ್ದಲ್ಲ. ತಲೆಯಲ್ಲಿ ಹಗ್ಗ ಕಟ್ಟಲು ಒಂದು ತೂತು, ಅಡಿಯಲ್ಲಿ ಒಂದು ಕುಳಿ. ಬಾಯಿ ಮಾತ್ರ ಇಟ್ಟಿರಲಿಲ್ಲ.

ನನ್ನನ್ನು ಮಾಡಿಸಿದವನು ಗಂಗೊಳ್ಳಿಯ ಹೆರಿಯ ಮರಕಾಲ. ಅಲ್ಲಿ ಐದು ಹೊಳೆಗಳು ಕೂಡಿ ಕಡಲಿಗೆ ಬೀಳುವ ಅಳಿವೆಯ ಬಾಯಲ್ಲಿ ನೀರಿನಡಿ ಒಂದು ಮರಳಿನ ದಿಬ್ಬವಿದೆ. ಪ್ರತಿ ಮಳೆಗಾಲಕ್ಕೂ ಅದು ಮಗ್ಗುಲು ಬದಲಿಸುತ್ತದೆ. ಹೊರಗಿನ ಹಡಗುಗಳನ್ನು ಆ ದಿಬ್ಬ ತಪ್ಪಿಸಿ ಹೊಳೆಯೊಳಗೆ ತರುವುದು ಹೆರಿಯನ ಮನೆತನದ ಕೆಲಸ.

ಅವನು ನನ್ನ ಕುಳಿಗೆ ಎಣ್ಣೆ ಬೆರೆಸಿದ ಜೇನುಮೇಣ ಮೆತ್ತಿ, ಬೀಸಿ ಎಸೆಯುತ್ತಿದ್ದ. ಹಗ್ಗಕ್ಕೆ ಮಾರಿಗೊಂದು, ಎಂದರೆ ಚಾಚಿದ ಎರಡು ತೋಳಿನುದ್ದಕ್ಕೊಂದು, ಗಂಟು. ನಾನು ತಳ ಮುಟ್ಟುವಷ್ಟರಲ್ಲಿ ಎಷ್ಟು ಗಂಟು ಮುಳುಗಿತೋ ಅಷ್ಟು ಮಾರು ನೀರು. ಮೇಲೆಳೆದ ಮೇಲೆ ನನ್ನ ಅಡಿಯನ್ನು ಮೂಗಿಗೆ ಹಿಡಿದು ಮೂಸುತ್ತಿದ್ದ. ಬಿಳಿ ಮರಳು ಅಂಟಿದ್ದರೆ ದಿಬ್ಬ, ಕರಿ ಕೆಸರಾದರೆ ದಾರಿ. ನನಗೆ ಕೆಳಗಿನಿಂದ ಕಾಣುತ್ತಿದ್ದುದು ಅವನ ಮೂಗಿನ ಹೊಳ್ಳೆಗಳು ಮತ್ತು ಆ ತೋಳುಗಳು. ಎಂಥ ತೋಳು! ಅವನು ಕೈ ಚಾಚಿ ಒಂದು ಮಾರು ಹಗ್ಗ ಅಳೆದರೆ ಊರಿನ ಉಳಿದವರ ಮಾರಿಗಿಂತ ಗೇಣುದ್ದ ಜಾಸ್ತಿ ಬರುತ್ತಿತ್ತು.

ಅರವತ್ತು ದಾಟಿದ ಮೇಲೆ ಅವನ ಕಣ್ಣಿಗೆ ಪೊರೆ ಬಂತು. ಅವರಲ್ಲಿ ಕಸುಬು ಹೋಗುವುದು ಮಗನಿಗಲ್ಲ, ಅಕ್ಕನ ಮಗನಿಗೆ. ಹಾಗಾಗಿ ನಾನು ಅಳಿಯ ಬಚ್ಚ ಮರಕಾಲನ ಕೈಗೆ ಬಂದೆ. ಬಚ್ಚನಿಗೆ ಮೂವತ್ತೈದು ವರ್ಷ, ಎರಡು ಮಕ್ಕಳ ತಂದೆ, ಮೋಟು ಆಳು, ಮಹಾ ಅಭಿಮಾನಿ. ಆ ಮನೆತನದ ಪದ್ಧತಿಯಂತೆ ಮಾವನ ಹಳೆಯ ಹಗ್ಗವನ್ನು ಕಡಲಿಗೆ ಬಿಟ್ಟ. ಕಡಲ ದೈವ ಬೊಬ್ಬರ್ಯನ ಗುಡಿಯ ಮುಂದೆ ನಿಂತು ಹೊಸ ಹಗ್ಗಕ್ಕೆ ತನ್ನದೇ ತೋಳಿನ ಅಳತೆಯಲ್ಲಿ ಗಂಟು ಹಾಕಿದ. ಲೆಕ್ಕ ಮಾತ್ರ ಮಾವ ಬಾಯಿಪಾಠ ಮಾಡಿಸಿದ್ದೇ: ಸರಕಿನ ಸಣ್ಣ ಮಚ್ವೆಗೆ ಒಂದು ಮಾರು ಸಾಕು, ಸೀಮೆಯನ್ನಾಳುವ ನವಾಬರ ದೊಡ್ಡ ಹಡಗಿಗೆ ಎರಡು ಬೇಕು. ಮಾವನ ಎರಡು ಮಾರಿಗೂ ಅಳಿಯನ ಎರಡು ಮಾರಿಗೂ ನಡುವೆ ಒಂದು ಮೊಳಕ್ಕೂ ಮಿಕ್ಕಿ ಅಂತರವಿತ್ತು. ಅದು ಗೊತ್ತಿದ್ದುದು ನನಗೊಬ್ಬನಿಗೇ. ದೊಡ್ಡ ಹಡಗು ಯಾವುದೂ ಬಾರದೆ, ಮಚ್ವೆಗಳಷ್ಟೇ ಸಲೀಸಾಗಿ ಬಂದು ಹೋಗುತ್ತಿದ್ದುದರಿಂದ ಮೂರು ವರ್ಷ ಯಾರಿಗೂ ಸುಳಿವೇ ಸಿಗಲಿಲ್ಲ.

ಆ ಹೊತ್ತಿಗೆ ಕಡಲಿನ ಗಾಳಿಯೇ ಕೆಟ್ಟಿತ್ತು. ಅಮೆರಿಕ ಎಂಬ ದೇಶದವರು ನಮ್ಮನ್ನು ನಾವೇ ಆಳಿಕೊಳ್ಳುತ್ತೇವೆಂದು ಇಂಗ್ಲಿಷರ ಮೇಲೆ ತಿರುಗಿಬಿದ್ದರಂತೆ. ಫ್ರೆಂಚರು ಅವರ ಕೈ ಹಿಡಿದರಂತೆ. ಆ ಸಿಟ್ಟಿಗೆ ಇಂಗ್ಲಿಷರು ಇಲ್ಲಿ ಫ್ರೆಂಚರ ಮಾಹೆ ಬಂದರನ್ನು ಕಿತ್ತುಕೊಂಡರಂತೆ, ಅದಕ್ಕೆ ನಮ್ಮ ನವಾಬರು ಕೆರಳಿದರಂತೆ. ಯಾವ ಕಡಲಿನಲ್ಲೋ ಹೊತ್ತಿದ ಬೆಂಕಿ ಗಂಗೊಳ್ಳಿಯ ದಡಕ್ಕೂ ಬಂತು. ಅಮೆರಿಕದವರ ಮೇಲೆ ನನಗೇನೂ ದ್ವೇಷವಿಲ್ಲ, ಆದರೆ ಅವರಿಗೆ ನಮ್ಮ ಬಚ್ಚನ ಹೆಸರು ಗೊತ್ತಿರಬೇಕಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಮಾರ್ಗಶಿರದ ಒಂದು ಬೆಳಿಗ್ಗೆ ನವಾಬರ ಹಡಗೊಂದು ಅಳಿವೆಯ ಹೊರಗೆ ಕಾಣಿಸಿಕೊಂಡಿತು. ಒಳಗೆ ಎಂಬತ್ತು ಜನ, ಹನ್ನೆರಡು ಫಿರಂಗಿ. ಹಿಂದೆ, ದೂರದಲ್ಲಿ, ಇಂಗ್ಲಿಷರ ಮೂರು ಹಡಗುಗಳ ಹಾಯಿ. ಹೊಳೆಯೊಳಗೆ ಹೊಕ್ಕರೆ ಬದುಕು. ಇಂಗ್ಲಿಷರ ಭಾರೀ ಹಡಗುಗಳು ದಿಬ್ಬ ದಾಟಲಾರವು. ಬಚ್ಚ ದೋಣಿಯಲ್ಲಿ ಹೋಗಿ ಹಡಗು ಹತ್ತಿದ. ಭಟ್ಕಳದ ಮೀರಾ ಸಾಹೇಬರು ಅದರ ನಾಯಕರು.

"ಮರಕಾಲ್ರೆ, ಹಡಗು ದಾಟ್ತದಾ?"

ಬಚ್ಚ ನನ್ನನ್ನು ಎಸೆದ. ನಾನು ಬೇಗನೆ, ತೀರಾ ಬೇಗನೆ ತಳ ಮುಟ್ಟಿದೆ. ಎರಡನೆಯ ಗಂಟು ಒದ್ದೆಯಾಯಿತು. ಬೇಡ ಎಂದು ಕೂಗಬೇಕೆನಿಸಿತು. ಸೀಸಕ್ಕೆಲ್ಲಿಯ ಕೂಗು?

"ಎರಡ್ ಮಾರ್ ನೀರಿತ್ತ್ ಸಾಯ್ಬ್ರೆ. ಬಿಡಿ!"

ಹಡಗು ನಡೆಯಿತು. ಒಮ್ಮೆ ಮೈ ಕೊಡವಿತು. ಮರಳಿನ ಮೇಲೆ ಕೂತುಬಿಟ್ಟಿತು. ಅಷ್ಟರಲ್ಲಿ ಭರತ ಮುಗಿದು ನೀರು ಇಳಿಯತೊಡಗಿತು. ಇನ್ನು ಸಂಜೆಯ ಭರತದವರೆಗೆ ಅಲುಗುವಂತಿರಲಿಲ್ಲ.

ಸಿಪಾಯಿಗಳು ಬಚ್ಚನ ಮೇಲೆ ಮುಗಿಬಿದ್ದರು. ಇವನು ಇಂಗ್ಲಿಷರ ಕಡೆಯವನು, ಬೇಕೆಂದೇ ಸಿಕ್ಕಿಸಿದ ಎಂದು ಒಬ್ಬ ಕತ್ತಿ ಎತ್ತಿದ. ಸಾಹೇಬರು ತಡೆದು ಬಚ್ಚನನ್ನು ಹಾಯಿಮರಕ್ಕೆ ಕಟ್ಟಿಸಿದರು. ನಾನು ಅವನ ಕಾಲ ಬುಡದಲ್ಲಿ ಬಿದ್ದಿದ್ದೆ. ಬಿಸಿಲೇರಿದಂತೆ ಅವನು ಒಂದೇ ಮಾತನ್ನು ಗೊಣಗುತ್ತಿದ್ದ: "ಎರಡಿತ್ತ್. ನಾನೇ ಕಂಡಿದೆ." ಹಡಗು ಮರಳಿಗೆ ಸಿಕ್ಕಿತ್ತು, ಅವನು ಹಗ್ಗಕ್ಕೆ ಸಿಕ್ಕಿದ್ದ, ನಾನು ನನ್ನ ಮೌನಕ್ಕೆ ಸಿಕ್ಕಿದ್ದೆ. ಹೊರಗಿನ ಹಾಯಿಗಳು ಹತ್ತಿರವಾಗುತ್ತಲೇ ಇದ್ದವು.

ಮಧ್ಯಾಹ್ನ ಒಂದು ದೋಣಿ ಬಂತು. ಅದರಲ್ಲಿ ಕುರುಡ ಹೆರಿಯ. ಸುದ್ದಿ ಕೇಳಿ ತಾನಾಗಿಯೇ ಬಂದಿದ್ದ. ಹಡಗು ಹತ್ತಿ ಮೊದಲು ಹುಡುಕಿದ್ದು ನನ್ನನ್ನೇ. ಹಗ್ಗ ಎತ್ತಿ, ಒಂದು ಗಂಟನ್ನು ಎಡಗೈಯಲ್ಲಿ ಹಿಡಿದು ತೋಳು ಚಾಚಿದ. ಮುಂದಿನ ಗಂಟು ಅವನ ಬಲಗೈಯ ಬೆರಳಿಗೆ ಬರುವ ಮೊದಲೇ, ಮಣಿಗಂಟಿನ ಹತ್ತಿರವೇ ನಿಂತಿತು.

"ಈ ಗಂಟ್ ಯಾರ್ ಮಾರಗೆ ಹಾಕದ್?"

"ನನ್ ಮಾರಗೇ, ಮಾವ."

ಮುದುಕ ಅಲ್ಲೇ ಕುಸಿದು ಕೂತ. "ನಾನ್ ಎರಡ್ ಅಂದದ್ ನನ್ ಕೈ ಅಳತೆಯಂಗೆ ಅಲ್ದನಾ ಮಗಾ!" ಎಂದು ಹಣೆ ಚಚ್ಚಿಕೊಂಡ.

ಬಚ್ಚ ಗಳಗಳನೆ ಅತ್ತ. ಅಷ್ಟು ಹೊತ್ತೂ ಅಳದಿದ್ದವನು.

ಹೆರಿಯ ಬೇಗ ಸಾವರಿಸಿಕೊಂಡ. ಸಂಜೆಯ ಭರತವೂ ಬೆಳಗಿನಷ್ಟೇ ಏರುವುದು, ಹಡಗು ಒಂದು ಮೊಳ ಮೇಲೇಳದೆ ಗತಿಯಿಲ್ಲ, ಫಿರಂಗಿಗಳನ್ನು ನೀರಿಗೆ ನೂಕಿ ಎಂದ.

"ಫಿರಂಗಿ ನವಾಬರದ್ದು. ಬಿಸಾಡಿದ್ರೆ ನನ್ನ ತಲೆ ಹೋಗ್ತದೆ" ಎಂದರು ಸಾಹೇಬರು.

"ಇಟ್ಕಂಡ್ರೆ ಎಂಬತ್ ತಲೆ ಹ್ವಾತ್ ಸಾಯ್ಬ್ರೆ."

ಸಾಹೇಬರು ಮೊದಲ ಫಿರಂಗಿಗೆ ತಾವೇ ಕೈ ಹಚ್ಚಿದರು. ಆಮೇಲೆ ಹನ್ನೆರಡು ಫಿರಂಗಿಗಳೂ ಒಂದೊಂದಾಗಿ ಮುಳುಗಿದವು. ಇನ್ನು ಆ ಹಡಗಿಗೆ ಹೊಡೆದವರಿಗೆ ತಿರುಗಿ ಹೊಡೆಯುವ ಶಕ್ತಿ ಇರಲಿಲ್ಲ.

ಹೊತ್ತು ಇಳಿಯುವಾಗ ನೀರು ಏರಿತು. ಇಂಗ್ಲಿಷರು ಫಿರಂಗಿ ಕಟ್ಟಿದ ಎರಡು ದೋಣಿಗಳನ್ನು ಇಳಿಸಿದರು. ಹಡಗಿನ ಮುಂದೆ ಹೋಗಿ ಕರಿ ಕೆಸರಿನ ಜಾಗ ಹುಡುಕಿ, ಅಲ್ಲೇ ನಿಂತು ದಾರಿ ತೋರಿಸಲು ಒಬ್ಬ ಬೇಕಿತ್ತು. ಬಚ್ಚ ತನ್ನ ಕಟ್ಟು ಬಿಚ್ಚಿ ಎಂದು ಬೇಡಿಕೊಂಡ. ಓಡಿಹೋಗುತ್ತಾನೆ ಎಂದರು ಸಿಪಾಯಿಗಳು. ಸಾಹೇಬರು ಹೆರಿಯನ ಮುಖ ನೋಡಿ, ತಾವೇ ಗಂಟು ಬಿಚ್ಚಿದರು.

ದೋಣಿಯಿಂದ ಅವನು ನನ್ನನ್ನು ಎಸೆದ. ಬಿಳಿ ಮರಳು. ಮತ್ತೆ ಎಸೆದ. ಬಿಳಿ. ಏಳನೆಯ ಸಲ ನಾನು ಮೆತ್ತನೆಯ ಕೆಸರಿಗೆ ಬಿದ್ದೆ. ಅವನು ಹಗ್ಗದಲ್ಲಿ ನೀರಿನ ಗುರುತು ಹಿಡಿದು, ತನ್ನ ಗಂಟುಗಳನ್ನು ಬಿಟ್ಟು, ಆಗಷ್ಟೇ ಕಂಡಿದ್ದ ಮಾವನ ತೋಳಿನ ಉದ್ದಕ್ಕೆ ಲೆಕ್ಕ ಹಾಕಿದ. ಬಿಗಿಯಾದ ಹಗ್ಗದಲ್ಲಿ ಮೇಲಿನ ಮಾತೆಲ್ಲ ನನಗೆ ಇಳಿದು ಬರುತ್ತದೆ.

"ಬಚ್ಚಾ, ಎಷ್ಟಿತ್ತ್?" ಹಡಗಿನಿಂದ ಮುದುಕ ಕೂಗಿದ.

"ನಿಮ್ ಮಾರಗೆ ಎರಡ್ಕ್ ಒಂದ್ ಗೇಣ್ ಕಮ್ಮಿ, ಮಾವ! ಹಡಗ್ ಹಗುರ ಆಯ್ತಲ್ಲ, ಸಾಕ್, ಬನ್ನಿ! ನನ್ ಸ್ವರಕ್ಕೇ ಬನ್ನಿ!"

ಹಡಗು ಅವನ ಸ್ವರಕ್ಕೇ ಬಂತು. ಇಂಗ್ಲಿಷರ ಗುಂಡುಗಳೂ ಬಂದವು. ಒಂದು ಹಿಂದೆ ಬಿತ್ತು, ಒಂದು ಪಕ್ಕಕ್ಕೆ. ಬಚ್ಚ ಕೂಗುವುದನ್ನು ನಿಲ್ಲಿಸಲಿಲ್ಲ, ಜಾಗ ಬಿಡಲಿಲ್ಲ. ಮೂರನೆಯದು ಬಿದ್ದಾಗ ಹಗ್ಗ ಒಮ್ಮೆ ಜಗ್ಗಿತು, ಆಮೇಲೆ ಸಡಿಲವಾಗಿ ನನ್ನ ಮೈಮೇಲೆ ಸುರುಳಿ ಸುರುಳಿಯಾಗಿ ಇಳಿಯಿತು. ಅದರ ಮೇಲೆ ಹಡಗು ನನ್ನ ನೆತ್ತಿಯನ್ನು ದಾಟಿಹೋಯಿತು. ನಡುವೆ ಇದ್ದುದು ಒಂದು ಹಿಡಿ ನೀರು, ಅಷ್ಟೆ. ಎಂಬತ್ತು ಜನ ಬದುಕಿದರು.

ಆಮೇಲಿನದು ನನ್ನ ಮುಪ್ಪು. ಕೆಸರು ಹಿಡಿದುಕೊಂಡದ್ದು ಬಿಡಲಿಲ್ಲ, ನನ್ನನ್ನು ಎಳೆದುಕೊಳ್ಳುವ ಕೈಯೂ ಇರಲಿಲ್ಲ. ಇಂಗ್ಲಿಷರು ಹೋದ ಮೇಲೆ ಹೆರಿಯ ದಿನಾ ದೋಣಿಯಲ್ಲಿ ಬಂದು, ಅಳಿಯನ ಹೆಣಕ್ಕಾಗಿ ಕೊಕ್ಕೆ ಬಿಟ್ಟು ತಳ ಕೆದಕುತ್ತಿದ್ದ. ಒಂದು ದಿನ ಕೊಕ್ಕೆ ನನ್ನ ಹಗ್ಗಕ್ಕೆ ತಾಗಿ ನಿಂತಿತು. ಹಗ್ಗ ಬಿಗಿಯಾಯಿತು. ಅಳಿಯನೇ ಸಿಕ್ಕಿದನೆಂದು ಮುದುಕ ತಿಳಿದಿರಬೇಕು, ಜಗ್ಗಲಿಲ್ಲ. ಮೆಲ್ಲಗೆ ಮಾತಾಡಿದ.

"ತಪ್ಪ್ ನಂದ್ ಮಗಾ. ನಿಂದಲ್ಲ."

ಹಗ್ಗ ಕೊಳೆತಿತ್ತು, ಅಷ್ಟಕ್ಕೇ ತುಂಡಾಯಿತು. ಆ ಮಳೆಗಾಲದಲ್ಲಿ ದಿಬ್ಬ ಬಂದು ನನ್ನ ಮೇಲೆ ಕೂತಿತು. ಆ ಮಾತು ಕೇಳಬೇಕಾಗಿದ್ದವನಿಗೆ ಕೇಳಲಿಲ್ಲ. ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಅವನಿಗೆ ಕೊಡಲೆಂದು ಅದನ್ನು ನಾನೇ ಇಟ್ಟುಕೊಂಡಿದ್ದೇನೆ.