ಶೀಳ್ ಫಾಟಾದಲ್ಲಿ ನಿಲ್ಲುವ ಗಾಡಿ

ಹಯಗ್ರೀವನ ಬೈಕಿಗೆ ಇದ್ದದ್ದು ಒಂದೇ ಒಂದು ಕೆಟ್ಟ ಚಾಳಿ. ಬೆಳಿಗ್ಗೆ ಡೊಂಬಿವಲಿಯಿಂದ ಹೊರಟರೆ ಶೀಳ್ ಫಾಟಾ ಕೂಡುರಸ್ತೆಯವರೆಗೆ ಅದರಷ್ಟು ಸಾಧು ಗಾಡಿ ಇನ್ನೊಂದಿಲ್ಲ. ಫಾಟಾ ದಾಟಿ ಚಂದ್ರಬಾಯಿಯ ವಡಾಪಾವ್ ಗೂಡಂಗಡಿಯ, ಅಲ್ಲಿಯವರ ಮಾತಿನಲ್ಲಿ ಟಪರಿಯ, ಎದುರಿಗೆ ಬಂದಿತೋ, ಎರಡು ಸಲ ಗೊರಗೊರ ಎಂದು ಪ್ರಾಣ ಬಿಡುತ್ತಿತ್ತು. ಆಮೇಲೆ ಎಷ್ಟು ಒದ್ದರೂ ಉಸಿರಿಲ್ಲ. ಹದಿನೈದು ನಿಮಿಷ ಬಿಟ್ಟು ಒದ್ದರೆ ಮಾತ್ರ, ಏನು ಮಹಾ ಆಯಿತೀಗ ಎನ್ನುವಂತೆ ಎದ್ದು ಮಹಾಪೆಯ ಆಫೀಸಿನ ಗೇಟಿನವರೆಗೆ ಒಂದೇ ಓಟ.

ಗಾಡಿ ಹೊಸದೇನಲ್ಲ. ಠಾಣೆ ನಗರದಲ್ಲಿ ಹೋಟೆಲಿಟ್ಟಿದ್ದ ಉಡುಪಿ ಕಡೆಯವರೊಬ್ಬರು ಹನ್ನೊಂದು ವರ್ಷ ಅದರ ಮೇಲೆ ತೆಂಗಿನಕಾಯಿ ಮೂಟೆ, ಇಡ್ಲಿ ಹಿಟ್ಟಿನ ಡಬ್ಬ ಸಾಗಿಸಿ, 2009ರಲ್ಲಿ ಇವನ ಕೈಗೆ ಕೊಟ್ಟಿದ್ದರು. 'ಒಂದೇ ಕೈಯಲ್ಲಿ ಓಡಿದ ಗಾಡಿ ಮಾರಾಯ್ರೆ, ಕಣ್ಣು ಮುಚ್ಚಿ ತಗೊಳ್ಳಿ' ಎಂದಿದ್ದರು. ಹಯಗ್ರೀವ ಕಣ್ಣು ಮುಚ್ಚಿಯೇ ತೆಗೆದುಕೊಂಡ. ಮೂಗನ್ನೂ ಮುಚ್ಚಿಕೊಂಡಿರಬೇಕು, ಏಕೆಂದರೆ ಬಿಸಿಲೇರಿದಾಗ ಸೀಟಿನಿಂದ ಹುಳಿ ಹಿಟ್ಟಿನ ವಾಸನೆ ಬರುತ್ತದೆಂಬುದು ಮನೆಗೆ ತಂದ ಮೇಲೆಯೇ ಅವನಿಗೆ ಗೊತ್ತಾದದ್ದು.

ತಮಾಷೆಯೆಂದರೆ, ಏನು ಕೆಟ್ಟಿದೆಯೆಂದು ಹುಡುಕುವುದೇ ಈ ಮನುಷ್ಯನ ಉದ್ಯೋಗ. ಮಹಾಪೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರು ಜನರ ತಂಡಕ್ಕೆ ಅವನು ಮುಖ್ಯಸ್ಥ. ಯಾರದೋ ಬ್ಯಾಂಕಿನ ಕಂಪ್ಯೂಟರು ಎಲ್ಲೋ ಕೈಕೊಟ್ಟರೆ ಇವನಿಗೆ ಫೋನು. 'ಏಕೆ ಅಂತ ಐದು ಸಲ ಕೇಳಿ, ಕಾರಣ ತಾನಾಗಿ ಸಿಗುತ್ತೆ' ಎಂದು ಕಿರಿಯರಿಗೆಲ್ಲ ಪಾಠ ಹೇಳುತ್ತಿದ್ದ. ಬೈಕಿನ ಹತ್ತಿರ ಐವತ್ತು ಸಲ ಕೇಳಿದ್ದಾಯಿತು. ಅದು ಬಾಯಿ ಬಿಡಲಿಲ್ಲ. ಹಟಕ್ಕೆ ಬಿದ್ದು ಒಂದು ಎಕ್ಸೆಲ್ ಹಾಳೆ ಮಾಡಿದ: ತಾರೀಖು, ವಾರ, ಬಿಸಿಲು, ವೇಗ, ಹಿಂದೆ ಕೂತವರ ತೂಕ. ಕೊನೆಯ ಕಾಲಮ್ಮನ್ನು ಹೆಂಡತಿ ಊರ್ಮಿಳಾ ನೋಡಿದ ದಿನವೇ ಅಳಿಸಬೇಕಾಯಿತು. ಶುಕ್ರವಾರ, ಸೋಮವಾರ ಗಾಡಿ ತಪ್ಪದೆ ನಿಲ್ಲುತ್ತದೆ, ಬುಧವಾರ ಗುರುವಾರದ ಹೊತ್ತಿಗೆ ಸ್ವಲ್ಪ ಸುಧಾರಿಸುತ್ತದೆ ಎಂದು ಹಾಳೆ ಸ್ಪಷ್ಟವಾಗಿ ಹೇಳುತ್ತಿತ್ತು. ಇದು ವಾರದ ಕೊನೆಯ ಟ್ರಾಫಿಕ್ಕಿನ ಪರಿಣಾಮ ಎಂದು ನಮ್ಮ ಪಂಡಿತರು ಷರಾ ಬರೆದುಕೊಂಡರು.

ಶುಕ್ರವಾರಕ್ಕೆ ಬೇರೆಯದೇ ಒಂದು ವಿಶೇಷ ಇತ್ತು. ಅವನ ತಾಯಿ ರುಕ್ಮಿಣಮ್ಮ ಮೈಸೂರು ಬಿಟ್ಟು ಮಗನ ಜೊತೆ ಇರಲು ಬಂದು ಎರಡು ವರ್ಷವಾಗಿತ್ತು. ಶುಕ್ರವಾರ ಬೆಳಿಗ್ಗೆ ಹೊಸ್ತಿಲು, ತುಳಸಿ, ಗ್ಯಾಸ್ ಒಲೆ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಬಟ್ಟಲು ಹಿಡಿದು ಮೂರು ಮಹಡಿ ಇಳಿದು ಬೈಕಿನ ಹತ್ತಿರ ಬರುತ್ತಿದ್ದರು. ಎಲ್ಲಿ ಹಚ್ಚಬೇಕೆಂಬುದನ್ನು ಮೊದಲ ದಿನವೇ ತೀರ್ಮಾನ ಮಾಡಿದ್ದರು. ಚಕ್ರ ಅಂದರೆ ಕಾಲು, ಕೆಸರು ಮೆತ್ತಿರುತ್ತದೆ, ಬಗ್ಗಲು ಮಂಡಿಯೂ ಬಿಡುವುದಿಲ್ಲ. ದೀಪ ಅಂದರೆ ಕಣ್ಣು, ಕಣ್ಣಿಗೆ ಯಾರಾದರೂ ಕುಂಕುಮ ಹಾಕುತ್ತಾರೆಯೇ? ಉಳಿದದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಗುಂಡಗೆ, ಅಗಲವಾಗಿ, ಫಳಫಳ ಹೊಳೆಯುತ್ತಿತ್ತು. ಅದೇ ಹಣೆ ಎಂದು ನಿಶ್ಚಯವಾಯಿತು. ನೀರಿನಲ್ಲಿ ಕಲಸಿದ ಅರಿಶಿನವನ್ನು ದಪ್ಪಗೆ ಬಳಿದು, ನಟ್ಟ ನಡುವೆ ಕುಂಕುಮವನ್ನು ಹೆಬ್ಬೆರಳಿನಿಂದ ಒತ್ತಿ, ಕೈಮುಗಿದು ಹೋಗುತ್ತಿದ್ದರು. ಗಾಡಿ ದಾರಿಯಲ್ಲಿ ನಿಲ್ಲುತ್ತದೆಂದು ತಿಳಿದ ಮೇಲೆ ಅವರ ಕಾಳಜಿ ಇನ್ನಷ್ಟು ಹೆಚ್ಚಿತು. "ಯಾರದೋ ದೃಷ್ಟಿ ಕಣೋ ಹಯ" ಎಂದು ಅರಿಶಿನ ಎರಡು ಸುತ್ತು ಬಳಿದರು. ಆ ವಾರ ಗಾಡಿ ಐದು ದಿನವೂ ನಿಂತಿತು. ಅವರು ಮೂರು ಸುತ್ತಿಗೆ ಬಂದರು.

ಹಯಗ್ರೀವ ಎರಡು ಸಲ ಗಾಡಿಯನ್ನು ಜಟ್ಟೆಪ್ಪನ ಗ್ಯಾರೇಜಿಗೆ ತಳ್ಳಿಕೊಂಡು ಹೋದ. ವಿಜಯಪುರದ ಕಡೆಯ ಜಟ್ಟೆಪ್ಪ ಮಾನಪಾಡಾ ರಸ್ತೆಯಲ್ಲಿ ಹದಿನೈದು ವರ್ಷದಿಂದ ಬೈಕು ಬಿಚ್ಚುತ್ತಿದ್ದವನು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಗಾಡಿಯನ್ನು ಮೊದಲು ಮೈಯೆಲ್ಲ ಒರೆಸದೆ ಅವನು ಸ್ಪ್ಯಾನರ್ ಮುಟ್ಟುವವನಲ್ಲ. ಒಂದು ಸಲ ಪ್ಲಗ್ಗು ಬದಲಾಯಿಸಿದ, ಇನ್ನೊಂದು ಸಲ ಕಾರ್ಬ್ಯುರೇಟರ್ ತೊಳೆದು ಕಾಯಿಲ್ ಹೊಸದು ಹಾಕಿದ. ಪ್ರತಿ ಸಲವೂ ಗಾಡಿ ನಾಲ್ಕು ದಿನ ಸೊಗಸಾಗಿ ಓಡಿ, ಶುಕ್ರವಾರ ಚಂದ್ರಬಾಯಿಯ ಎದುರಿಗೆ ನಿಂತಿತು. ಮೂರನೆಯ ಸಲ ಹೋದಾಗ ಜಟ್ಟೆಪ್ಪ ಬಟ್ಟೆಯನ್ನೇ ಕೈಗೆತ್ತಿಕೊಳ್ಳಲಿಲ್ಲ.

"ಸರ, ಈ ಗಾಡ್ಯಾಗ ನಾ ಬಿಚ್ಚಲಾರದ್ದು ಎರಡ ಉಳದಾವ. ಒಂದ ಇಂಜಿನ್ನ, ಇನ್ನೊಂದ ನಂಬರ್ ಪ್ಲೇಟ. ಇಂಜಿನ್ ಬಿಚ್ಚಿದ್ರ ಹಳೀ ಗಾಡಿಗೆ ದಂಡ. ಕಲ್ಯಾಣದಾಗ ನಮ್ಮವ ಒಬ್ಬ ಭಂಗಾರದವ, ಗುಜರಿಯವ ಅದಾನ. ಐತವಾರ ಮನೀಗೆ ಕಳಸ್ತೀನಿ, ಕೊಟ್ಟು ಕೈ ತೊಳಕೋರಿ."

ಹಯಗ್ರೀವ ಸರಿ ಎಂದು ಬಂದನೇನೋ ಹೌದು, ರಾತ್ರಿ ಊಟ ಸೇರಲಿಲ್ಲ. ಗುಜರಿಗೆ ಹೋಗುವುದು ಹಳೇ ಬೈಕಲ್ಲ, ಹೆಂಡತಿಯ ಜೊತೆ ಅವನಿಗೆ ದಿನದಲ್ಲಿ ಸಿಗುತ್ತಿದ್ದ ಒಂದೇ ಒಂದು ಗಳಿಗೆ. ಇದ್ದದ್ದು ಒಂದು ಕೋಣೆ, ಒಂದು ಹಾಲ್. ತಾಯಿಯ ಕಿವಿ ಅರವತ್ತೆಂಟರಲ್ಲೂ ಚುರುಕು. ಕೋಣೆಯಲ್ಲಿ ಊರ್ಮಿಳಾ ಮೆಲ್ಲಗೆ ನಕ್ಕರೆ ಹಾಲಿನಿಂದ "ಏನೇ ಅದು, ನಂಗೂ ಹೇಳು" ಎಂಬ ಕೂಗು ಬರುತ್ತಿತ್ತು. ಹೋಗಿ ವಿವರಿಸುವಷ್ಟರಲ್ಲಿ ಆ ನಗು ಸತ್ತೇ ಹೋಗುತ್ತಿತ್ತು. ಊರ್ಮಿಳೆಯ ಆಫೀಸೂ ಮಹಾಪೆಯಲ್ಲೇ ಇದ್ದುದರಿಂದ ಬೆಳಗಿನ ಬೈಕಿನ ಸವಾರಿ ಅವರಿಬ್ಬರದ್ದೇ. ಅವಳು ತನ್ನ ಬಾಸು ಫೋನಿನಲ್ಲಿ ಹೇಗೆ ಗೋಗರೆಯುತ್ತಾನೆಂದು ನಟಿಸಿ ತೋರಿಸಿದ್ದು, ಚಿಕ್ಕಂದಿನಲ್ಲಿ ಈಜು ಕಲಿಯಲು ಹೋಗಿ ಮುಳುಗಿದ್ದು ಹೇಳಿ ಇದ್ದಕ್ಕಿದ್ದಂತೆ ಕಣ್ಣು ಒರೆಸಿಕೊಂಡದ್ದು, ಎಲ್ಲವೂ ಆ ದಾರಿಯಲ್ಲೇ. ಬೈಕು ಹೋದರೆ ಲೋಕಲ್ ಟ್ರೇನು: ಅವಳು ಲೇಡೀಸ್ ಡಬ್ಬಿಯಲ್ಲಿ, ಇವನು ಜನರಲ್ ಡಬ್ಬಿಯ ಬಾಗಿಲಿಗೆ ಜೋತುಬಿದ್ದು. ಠಾಣೆಯಲ್ಲಿ ಟ್ರೇನು ಬದಲಾಯಿಸುವಾಗ ಸೇತುವೆಯ ಮೇಲೆ ದೂರದಿಂದ ಒಂದು ಸಲ ಮುಖ ಕಂಡರೆ ಅದೇ ಸಂಸಾರ.

ಊರ್ಮಿಳಾ ಮಾತ್ರ ಮೊದಲಿಂದಲೂ "ಇರ್ಲಿ ಬಿಡ್ರೀ, ಸ್ವಲ್ಪ ಹೊತ್ತು ನಿಂತ್ರೆ ಮತ್ತೆ ಹೊರಡುತ್ತಲ್ಲ" ಎನ್ನುತ್ತಿದ್ದಳು. ಎಂಥ ತಾಳ್ಮೆ ಇವಳದು ಎಂದು ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ.

ಗುಜರಿಯವನು ಬರುವ ಭಾನುವಾರಕ್ಕೆ ಎರಡು ದಿನ ಮೊದಲು, ಗಾಡಿಯ ಕೊನೆಯ ಶುಕ್ರವಾರ. ರುಕ್ಮಿಣಮ್ಮ ಬಟ್ಟಲು ಪೂರ್ತಿ ಖಾಲಿ ಮಾಡಿದರು. ಮುಚ್ಚಳದ ಮೇಲೆ ಅರಿಶಿನ, ಕುಂಕುಮ, ಅಕ್ಷತೆ, ಅದರ ಮೇಲೊಂದು ದಾಸವಾಳ. ದಾಸವಾಳ ಸೊಸೈಟಿ ಗೇಟಿನಲ್ಲೇ ಹಾರಿಹೋಯಿತು, ಉಳಿದದ್ದು ಅಂಟಿಕೊಂಡಿತ್ತು. ಗಾಡಿ ಮಾತು ತಪ್ಪಲಿಲ್ಲ. ಚಂದ್ರಬಾಯಿಯ ಟಪರಿ ಬಂದದ್ದೇ ನಿಂತಿತು.

ಹಯಗ್ರೀವ ಎಂದಿನಂತೆ ಗಾಡಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿದ. ಟ್ಯಾಂಕಿನಲ್ಲಿ ಪೆಟ್ರೋಲು ಗಳಗಳ ಎಂದಿತು. ಪೆಟ್ರೋಲಿದೆ ಎನ್ನಲು ಅವನಿಗೆ ಅಷ್ಟೇ ಸಾಕು, ಅಲ್ಲಿ ನಿಂತು ಮುಚ್ಚಳ ತೆರೆದು ನೋಡುವ ಪ್ರಮೇಯ ಎಂದೂ ಬಂದಿರಲಿಲ್ಲ. ಹೋಗಿ ಟಪರಿಯ ಬೆಂಚಿನ ಮೇಲೆ, ಗಾಡಿ ನಿಂತಾಗಲೆಲ್ಲ ಕೂರುವ ಹಾಗೆ, ಊರ್ಮಿಳೆಯ ಪಕ್ಕ ಕುಳಿತ.

ಜಟ್ಟೆಪ್ಪನ ಸೀಮೆಯವಳೇ ಆದ ಚಂದ್ರಬಾಯಿ ಹೊಸ ಎಣ್ಣೆ ಡಬ್ಬವನ್ನು ಕಟ್ಟೆಯ ಮೇಲೆ ಎತ್ತಿಟ್ಟು, ಮೊಳೆ ಇಟ್ಟು ಕಲ್ಲಿನಿಂದ ಕುಟ್ಟುತ್ತಿದ್ದಳು. ಒಂದು ತೂತಾಯಿತು. ಹಯಗ್ರೀವ ಉಪಕಾರ ಮಾಡಲು ಎದ್ದು ಡಬ್ಬವನ್ನು ಬಾಣಲೆಗೆ ಬಗ್ಗಿಸಿದ. ಎಣ್ಣೆ ಗುಳುಕ್ ಎಂದು ಒಂದಿಷ್ಟು ಸುರಿದು, ಗೊರಗೊರ ಎಂದು, ನಿಂತುಬಿಟ್ಟಿತು.

"ಅಯ್ಯ, ಎಂಥಾ ಓದಿದವರ್ರಿ ನೀವು!" ಚಂದ್ರಬಾಯಿ ಡಬ್ಬ ಕಸಿದುಕೊಂಡಳು. "ಒಂದ ತೂತಿಗೆ ಎಣ್ಣಿ ಬರ್ತೈತೇನು? ಒಳಗ ಗಾಳಿ ಹೋಗಾಕ ಇನ್ನೊಂದ ಬೇಕು." ಎದುರು ಮೂಲೆಯಲ್ಲಿ ಇನ್ನೊಂದು ತೂತು ಹೊಡೆದು ಬಗ್ಗಿಸಿದಳು. ಎಣ್ಣೆ ಧಾರೆಯಾಗಿ ಇಳಿಯಿತು.

ಹಯಗ್ರೀವ ಆ ಧಾರೆಯನ್ನೇ ನೋಡುತ್ತ ನಿಂತ. ಗೊರಗೊರ. ಈ ಸದ್ದನ್ನು ಅವನು ದಿನಾ ಕೇಳಿದ್ದ. ಓಡಿಹೋಗಿ ಟ್ಯಾಂಕಿನ ಮುಚ್ಚಳಕ್ಕೆ ಕೀಲಿ ಹಾಕಿ ತಿರುಗಿಸಿದ. ಬಾಟಲಿ ಸೋಡ ಒಡೆದಂತೆ ಸುಂಯ್ ಎಂದು ಗಾಳಿ ಒಳಗೆ ನುಗ್ಗಿತು. ಅದೇ ಕ್ಷಣ ಒದ್ದ, ಗಾಡಿ ಶುರುವಾಯಿತು. ಊರ್ಮಿಳೆಯ ಸೀರೆಯ ಪಿನ್ನು ಇಸಿದುಕೊಂಡು ಮುಚ್ಚಳವನ್ನು ಕೆರೆದ. ಒಂದೊಂದೇ ಶುಕ್ರವಾರ ಪದರಪದರವಾಗಿ ಎದ್ದುಬಂತು. ಎಲ್ಲಕ್ಕಿಂತ ಅಡಿಯಲ್ಲಿ, ಅಮ್ಮನ ಹೆಬ್ಬೆರಳು ಕೂರುತ್ತಿದ್ದ ಜಾಗದಲ್ಲಿ, ಸಾಸಿವೆಯಷ್ಟು ಚಿಕ್ಕ ತೂತು. ಟ್ಯಾಂಕು ಉಸಿರಾಡುವ ತೂತು ಅದು.

ಸಂಜೆಯವರೆಗೂ ಅವನಿಗೆ ಒಂದೇ ಚಿಂತೆ. ಪ್ಲಗ್ಗು ಸರಿಯಿತ್ತು, ಕಾಯಿಲೂ ಸರಿಯಿತ್ತು, ನಿನ್ನ ಪೂಜೆಯಿಂದಲೇ ಗಾಡಿ ನಿಲ್ಲುತ್ತಿತ್ತು ಎಂದು ತಾಯಿಗೆ ಹೇಳುವುದು ಹೇಗೆ? ಕ್ಲೈಂಟಿಗೆ ಮೇಲ್ ಬರೆಯುವವನ ಹಾಗೆ ವಾಕ್ಯಗಳನ್ನು ಕಟ್ಟಿ ಒಡೆದು ಕಟ್ಟಿ, ಕೊನೆಗೆ ಕಾಫಿ ಹೊತ್ತಿನಲ್ಲಿ ಬೆವರುತ್ತ ಒಪ್ಪಿಸಿದ. ರುಕ್ಮಿಣಮ್ಮ ಲೋಟ ಕೆಳಗಿಟ್ಟರು.

"ಅಂದ್ರೆ ಅದಕ್ಕೆ ಮೂಗು ಅಲ್ಲೇ ಇರೋದಾ?"

"ಹ್ಞೂಂ, ಒಂಥರಾ ಮೂಗೇ."

"ಮೊದ್ಲೇ ಬೊಗಳೋಕೆ ಏನಾಗಿತ್ತೋ ನಿಂಗೆ? ಮೂಗಿಗೆ ಯಾರಾದ್ರೂ ಕುಂಕುಮ ಒತ್ತುತಾರಾ? ಪಾಪ, ಉಸಿರು ಕಟ್ಟಿಕೊಂಡು ಅಷ್ಟು ದೂರ ಓಡ್ತಿತ್ತಲ್ಲೋ ಅದು. ಎರಡು ಬೆರಳು ಆಚೆಗೆ ಇಡ್ತೀನಿ, ಹೋಗು."

ಅಷ್ಟೇ. ಇಡೀ ದಿನ ಅವನು ಬೆವರಿದ್ದೆಲ್ಲ ದಂಡವಾಯಿತು. ಭಾನುವಾರ ಬಂದ ಗುಜರಿಯವನನ್ನು ಉಪ್ಪಿಟ್ಟು ಕೊಟ್ಟು ಕಳಿಸಿದರು. ಜಟ್ಟೆಪ್ಪ ಮಾತ್ರ ಸುದ್ದಿ ಕೇಳಿ, "ಅದಕ್ಕ ಸರ, ನಾ ಮೊದ್ಲ ಒರಸೂದು" ಎಂದು ಎಲ್ಲ ಕೀರ್ತಿಯನ್ನೂ ತಾನೇ ತೆಗೆದುಕೊಂಡ.

ಸೋಮವಾರ ಗಾಡಿ ಎಲ್ಲೂ ನಿಲ್ಲಲಿಲ್ಲ. ಚಂದ್ರಬಾಯಿ ಜಾಲರಿ ಸೌಟು ಎತ್ತಿ ಕರೆದದ್ದು ಕನ್ನಡಿಯಲ್ಲಿ ಕಂಡಿತು, ಅಷ್ಟರಲ್ಲಿ ಟಪರಿ ಹಿಂದೆ ಹೋಗಿತ್ತು. ಮೂವತ್ತೈದು ನಿಮಿಷಕ್ಕೆ ಮಹಾಪೆ. ಊರ್ಮಿಳಾ ಇಳಿದು ಹೆಲ್ಮೆಟ್ ತೆಗೆದಳು.

"ದಾರೀಲಿ ಏನೋ ಅಂದೆಯಲ್ಲ?" ಎಂದು ಹಯಗ್ರೀವ ಕೇಳಿದ.

"ಕೇಳಿಸ್ಲಿಲ್ವಾ? ಹೋಗ್ಲಿ ಬಿಡಿ, ಲೇಟಾಯ್ತು."

ಮಂಗಳವಾರ ಅವನು ಏನೋ ಹೇಳಿದ, ಅವಳಿಗೆ ಕೇಳಿಸಲಿಲ್ಲ. ಎರಡು ಹೆಲ್ಮೆಟ್ಟು, ಎದುರು ಗಾಳಿ, ಪಕ್ಕದಲ್ಲಿ ಸಾಲಾಗಿ ಟ್ರಕ್ಕು, ಮಾತು ಹಿಂದಿನಿಂದ ಮುಂದಕ್ಕೆ ಬರುವುದಾದರೂ ಹೇಗೆ? ಬುಧವಾರ ಇಬ್ಬರೂ ಬಾಯೇ ತೆರೆಯಲಿಲ್ಲ. ಗುರುವಾರ ರಾತ್ರಿ ಕೋಣೆಯಲ್ಲಿ ಊರ್ಮಿಳಾ ಬಾಸಿನ ಹೊಸ ಕತೆ ಶುರುಮಾಡಿದಳು, "ಏನೇ ಅದು?" ಎಂದು ಹಾಲಿನಿಂದ ಕೂಗು ಬಂತು, ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಹಯಗ್ರೀವನಿಗೆ ಗಾಡಿ ರಿಪೇರಿಯಾದ ಹೆಮ್ಮೆ ಇನ್ನೂ ಇಳಿದಿರಲಿಲ್ಲ. ಆದರೂ ಮನೆಯಲ್ಲಿ ಏನೋ ಕಳೆದಿದೆ ಎನಿಸಿತು. ಏನೆಂದು ಮಾತ್ರ ಹೊಳೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ರುಕ್ಮಿಣಮ್ಮ ಹೇಳಿದ ಮಾತಿನಂತೆ ಎರಡು ಬೆರಳು ಆಚೆಗೆ, ಅಳತೆ ಹಿಡಿದು ಕುಂಕುಮ ಇಟ್ಟರು. ಹಯಗ್ರೀವ ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ. ಹೆಲ್ಮೆಟ್ ಮರೆತೆನೆಂದು ಮೇಲೆ ಓಡಿ ಇಳಿದು ಬಂದ, ಗಾಡಿ ಹೊರಟಿತು. ಚಂದ್ರಬಾಯಿಯ ಟಪರಿ ಬಂತು. ಗೊರಗೊರ ಎಂದು ಗಾಡಿ ನಿಂತಿತು.

ಇಂಜಿನ್ನೇ ಇರಬೇಕು, ಜಟ್ಟೆಪ್ಪ ಹೇಳಿದ್ದೇ ನಿಜ! ಕಿಸೆಯಿಂದ ಪಿನ್ನು ತೆಗೆದು ಮುಚ್ಚಳದ ಮೇಲೆ ಬಗ್ಗಿದ. ಅಮ್ಮನ ಕುಂಕುಮ ಎಲ್ಲಿರಬೇಕೋ ಅಲ್ಲೇ ಇತ್ತು. ತೂತಿನ ಮೇಲೆ ಇದ್ದದ್ದು ಕುಂಕುಮವಲ್ಲ; ಹೆಸರುಕಾಳಿನಷ್ಟಗಲದ, ಕಡುಗೆಂಪು ಬಣ್ಣದ ಸ್ಟಿಕ್ಕರ್ ಬೊಟ್ಟು. ನೆಟ್ಟಗೆ, ನೀಟಾಗಿ, ಗಾಳಿ ನುಸುಳಲು ಕೂದಲೆಳೆಯಷ್ಟೂ ಎಡೆಯಿಲ್ಲದಂತೆ ಅಂಟಿತ್ತು.

ತಲೆಯೆತ್ತಿ ನೋಡಿದ. ಊರ್ಮಿಳಾ ಆಗಲೇ ಹೆಲ್ಮೆಟ್ ಬೆಂಚಿನ ಮೇಲಿಟ್ಟು ಎರಡು ವಡೆ ಹೇಳಿ ಕುಳಿತಿದ್ದಳು. ಅವಳ ಹಣೆ ಖಾಲಿಯಿತ್ತು.

"ಏನಾಗಿದೆ ಅಂತ ಗೊತ್ತಾಯ್ತೇನ್ರೀ?" ಎಂದಳು, ವಡೆಯ ಬಾಣಲೆಯ ಕಡೆಯೇ ನೋಡುತ್ತ.

ಹಯಗ್ರೀವ ಪಿನ್ನನ್ನು ಮತ್ತೆ ಕಿಸೆಗೆ ಹಾಕಿಕೊಂಡ.

"ಕಾಯಿಲ್ ಬಿಸಿಯಾಗಿದೆ ಅನ್ಸುತ್ತೆ" ಎಂದ. "ಆರೋಕೆ ಹದಿನೈದು ನಿಮಿಷ ಬೇಕು."

"ಇಪ್ಪತ್ತೇ ಬಿಡಿ" ಎಂದು ಊರ್ಮಿಳಾ ಬೆಂಚಿನ ಮೇಲೆ ಜರುಗಿ ಅವನಿಗೆ ಜಾಗ ಮಾಡಿಕೊಟ್ಟಳು. "ನಮ್ಮ ಬಾಸು ಮೊನ್ನೆ ಏನು ಮಾಡ್ದ ಗೊತ್ತಾ?"