ಸುಣ್ಣ ಅರಳುವಾಗ

ಮೇ ತಿಂಗಳ ಕೊನೆ ಬಂತೆಂದರೆ ಯಸಳೂರು ಕಡೆಯವರಿಗೆ ಒಂದೇ ಚಿಂತೆ. ಮಳೆ ಹಿಡಿಯುವುದರೊಳಗೆ ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆದು ಮುಗಿಸಬೇಕು. ಇಲ್ಲದಿದ್ದರೆ ಸೊರಗು ರೋಗ ಬಂದು ಬಳ್ಳಿಗಳು ಒಣಗಿಹೋಗುತ್ತವೆ. ಬೋರ್ಡೋ ಅಂದರೆ ಮೈಲುತುತ್ತ, ಸುಣ್ಣ ಬೆರೆಸಿದ ನೀಲಿ ಔಷಧಿ. ಅಲ್ಲಿನ ಬೆಳೆಗಾರ ದೇವೀರಪ್ಪ ಪ್ರತಿವರ್ಷ ಪುಡಿ ಸುಣ್ಣ ತರುತ್ತಿದ್ದ. ತೊಂಬತ್ತೆಂಟರಲ್ಲಿ ಪುಡಿ ಸಿಗದೆ, ಗೂಡಿನಲ್ಲಿ ಸುಟ್ಟ ಸುಣ್ಣದ ಕಲ್ಲನ್ನೇ ಹೊತ್ತು ತಂದ.

“ಮೊದ್ಲು ನೀರಲ್ಲಿ ಅರಳಿಸ್ಬೇಕಂತೆ ಕಣ್ರೀ, ಹುಷಾರು,” ಎಂದಳು ಹೆಂಡತಿ ಗಂಗಾಮಣಿ.

“ಅರಳೋದು ಅಂದ್ರೆ ಹೂವಿನಂಗೆ ಅರಳ್ತದೆ ಕಣೇ. ಅದಕ್ಯಾಕೆ ಹೆದರೋದು? ಯೂರಿಯಾನ ಬರಿಗೈಲಿ ಕಲಕಿದೋನು ನಾನು!”

ನಮ್ಮ ದೇವೀರಪ್ಪನಿಗೆ ಗೊತ್ತಿಲ್ಲದ್ದು ಲೋಕದಲ್ಲಿ ಏನೂ ಇರಲಿಲ್ಲ, ಪುಣ್ಯಾತ್ಮ. ಬಾಯಿ ಕಿರಿದಾದ ಎಣ್ಣೆ ಡಬ್ಬಕ್ಕೆ ಕಲ್ಲು ತುಂಬಿ, ಮೇಲಿಂದ ಒಂದು ಚೊಂಬು ನೀರು ಸುರಿದು, ಬಗ್ಗಿ ನೋಡಿದ. ಡಬ್ಬ ಬುಸ್ಸೆಂದಿತು. ಕುದಿಯುವ ಸುಣ್ಣ ಸಿಡಿದು ಬಲಗಣ್ಣಿಗೆ ಬಿತ್ತು.

ಗಂಗಾಮಣಿ ಹರಳೆಣ್ಣೆ ಬಾಟಲಿ ಹಿಡಿದು ಓಡಿಬಂದಳು. ಅಷ್ಟರಲ್ಲಿ ಕೂಗು ಕೇಳಿ ಪಕ್ಕದ ಮನೆಯ ಸುಸಾನ್ ನರ್ಸಮ್ಮ ಬೇಲಿ ದಾಟಿ ಬಂದರು.

“ಎಣ್ಣೆ ಬೇಡ ಗಂಗಕ್ಕ! ನೀರು, ಬರೀ ನೀರು!”

ಅವನನ್ನು ಕೂರಿಸಿ, ರೆಪ್ಪೆ ಬಿಡಿಸಿ ಹಿಡಿದು, ಅರ್ಧ ಗಂಟೆ ಬಿಡದೆ ಕಣ್ಣಿಗೆ ತಣ್ಣೀರು ಹುಯ್ದರು. ಆಮೇಲೆ ಜೀಪಿನಲ್ಲಿ ಸಕಲೇಶಪುರದ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಕಣ್ಣಿಗೆ ಪಟ್ಟಿ ಕಟ್ಟಿ, “ದೃಷ್ಟಿ ಉಳೀತಾ ಇಲ್ವಾ ಅಂತ ಐದು ದಿನ ಕಳೆದು ಹೇಳ್ತೀನಿ,” ಎಂದರು.

ನಾಲ್ಕನೆಯ ದಿನ ಮನೆಯ ಅಂಗಳದಲ್ಲಿ ಕೂತಿದ್ದ ದೇವೀರಪ್ಪ, ನೋಡಲು ಬಂದ ನರ್ಸಮ್ಮನನ್ನು ಕೇಳಿದ. “ಬೆಂಕಿನೇ ಇರ್ಲಿಲ್ಲ ಕಣ್ರಮ್ಮ. ತಣ್ಣೀರು ಹ್ಯಂಗೆ ಕುದೀತು? ಯೂರಿಯಾ ಹಾಕಿದ್ರೆ ಬಕೆಟ್ ತಣ್ಣಗಾಗ್ತದಲ್ಲ?”

“ದೂರ ಕೂತು ನೋಡಿ ಮಾರಾಯ್ರೇ,” ಎನ್ನುತ್ತಾ ನರ್ಸಮ್ಮ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಹಾಕಿಕೊಂಡರು. ಕಬ್ಬಿಣದ ಡ್ರಮ್ಮಿಗೆ ಮೊದಲು ನೀರು ತುಂಬಿ, ಉದ್ದ ಹಿಡಿಯ ಸೌಟಿನಿಂದ ಒಂದೊಂದೇ ಚೂರು ಕಲ್ಲು ಬಿಟ್ಟರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಲ್ಲು ಚಟಚಟ ಬಿರಿಯಿತು, ಉಬ್ಬಿತು, ಬೆಳ್ಳಗೆ ಅರಳಿತು. ಒಲೆಯಿಲ್ಲ, ಸೌದೆಯಿಲ್ಲ, ಕಡ್ಡಿ ಗೀರಿಲ್ಲ, ನೀರಿನಿಂದ ಹಬೆ ಏಳತೊಡಗಿತು. ದೇವೀರಪ್ಪನ ಮೈ ಜುಮ್ಮೆಂದಿತು.

“ಗೂಡಲ್ಲಿ ಸುಡುವಾಗ ಕಲ್ಲು ಬೆಂಕಿಯ ಶಾಖ ಎಳ್ಕೊಂಡು ಬೇರೆಯೇ ವಸ್ತು ಆಗ್ತದೆ. ನೀರು ಸೇರಿದ್ರೆ ಮತ್ತೆ ಬದಲಾಗಿ ಶಾಖ ಹೊರಗೆ ಬಿಡ್ತದೆ. ಯೂರಿಯಾ ಉಲ್ಟಾ, ಕರಗ್ಲಿಕ್ಕೆ ನೀರಿನ ಬಿಸೀನೇ ಎಳ್ಕೊಳ್ತದೆ. ಓದಿದವರು ಇದಕ್ಕೆ ಎಂಥಾಲ್ಪಿ ಬದಲಾವಣೆ ಅಂತಾರೆ.”

“ಹೆಸ್ರು ಏನಾದ್ರೂ ಇರ್ಲಿ. ಯಾವತ್ತೋ ಉರಿದ ಸೌದೆ ಬಿಸಿ ಈ ಕಲ್ಲೊಳಗೆ ಕೂತಿತ್ತಾ? ಅಬ್ಬಬ್ಬಾ! ನಾನು ಇದರ ಮುಂದೆ ಮುಖ ಇಟ್ಬುಟ್ನಲ್ಲ!”

ಅವನು ಎದ್ದು ಡ್ರಮ್ಮಿಗೆ ಕೈಮುಗಿದ. ಗಂಗಾಮಣಿ ನಗಲಿಲ್ಲ, ಅವಳಿಗೂ ಹಾಗೇ ಅನ್ನಿಸಿತ್ತು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಪಟ್ಟಿ ಬಿಚ್ಚಿ, ಎಡಗಣ್ಣು ಮುಚ್ಚಿ, “ಏನು ಕಾಣುತ್ತೆ?” ಎಂದರು. ದೇವೀರಪ್ಪ ರೆಪ್ಪೆ ಬಡಿಯುತ್ತಾ ಮುಖವನ್ನು ಅತ್ತಿತ್ತ ತಿರುಗಿಸಿದ.

“ಮಂಜುಮಂಜು ಐತೆ... ಗಂಗಾ, ನಿನ್ ಮೂಗುಬೊಟ್ಟು ಹೊಳೀತಾ ಐತೆ ಕಣೇ!”

ಗಂಗಾಮಣಿ ಅಲ್ಲೇ ಅತ್ತುಬಿಟ್ಟಳು. “ಉಳಿಸಿದ್ದು ಆ ಮೊದಲ ಅರ್ಧ ಗಂಟೆ ನೀರು ಕಣಮ್ಮ,” ಎಂದರು ಡಾಕ್ಟರು.

ಅಕ್ಕಂದಿರೇ, ಅಣ್ಣಂದಿರೇ, ಈ ವರ್ಷ ನೀವೂ ಸುಣ್ಣ ಅರಳಿಸುತ್ತೀರಿ. ಕಲ್ಲಿನ ಮೇಲೆ ನೀರು ಸುರಿಯಬೇಡಿ. ಅಗಲವಾದ ಪಾತ್ರೆಯಲ್ಲಿ ಹೆಚ್ಚು ನೀರಿಟ್ಟು, ಅದಕ್ಕೆ ಕಲ್ಲನ್ನು ಚೂರುಚೂರೇ ಬಿಡಿ. ಕನ್ನಡಕ ಹಾಕಿ, ಮಕ್ಕಳನ್ನು ದೂರವಿಡಿ. ಸುಣ್ಣದ ಚೀಲವನ್ನು ಮಳೆನೀರು ಸೋರದ ಜಾಗದಲ್ಲಿಡಿ. ಕಣ್ಣಿಗೆ ಸಿಡಿದರೆ ಎಣ್ಣೆ ಹಾಕದೆ, ಅರ್ಧ ಗಂಟೆ ನೀರು ಹುಯ್ದು ಆಸ್ಪತ್ರೆಗೆ ಓಡಿ. ಬಳ್ಳಿ ಹೋದರೆ ಇನ್ನೊಂದು ನೆಡಬಹುದು. ಕಣ್ಣನ್ನು ನೆಡಲಾಗದು.